ಹೆಸರು ಬದಲಿಸುವ ಮುನ್ನ
(ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿವೇತನ ಸಮಿತಿಯ ಪರವಾಗಿ ಮಾಡಿದ ಭಾಷಣ)



ಕಳೆದ ವರ್ಷ ಕೆಲವು ಮಕ್ಕಳಿಗೆ ವಿದ್ಯಾರ್ಥಿವೇತನ ತಡವಾಗಿ ತಲುಪಿತು. ತಪ್ಪು ನಮ್ಮದೇ. ಅರ್ಜಿಗಳಲ್ಲಿ ಒಬ್ಬರು 'ಮೊಹಮ್ಮದ್', ಇನ್ನೊಬ್ಬರು 'ಮುಹಮ್ಮದ್', ಮತ್ತೊಬ್ಬರು ಬರೀ 'ಎಂ.ಡಿ.' ಎಂದು ಬರೆದಿದ್ದರು. ಪಟ್ಟಿ ಅಂದವಾಗಿರಲೆಂದು ಕಂಪ್ಯೂಟರ್‌ನಲ್ಲಿ ಎಲ್ಲವನ್ನೂ ಒಂದೇ ಏಟಿಗೆ ಒಂದೇ ತೆರನಾಗಿ ಮಾಡಿದೆವು. ಪಾಸ್‌ಬುಕ್‌ನ ಹೆಸರಿಗೆ ತಾಳೆಯಾಗದೆ ಚೆಕ್‌ಗಳು ವಾಪಸು ಬಂದವು. ಫೀಸಿನ ಕೊನೆಯ ದಿನ ಹತ್ತಿರವಿದ್ದಾಗ ಕಚೇರಿಗೆ ಬಂದ ತಾಯಂದಿರ ಮುಂದೆ ತಲೆ ಎತ್ತಲಾಗಲಿಲ್ಲ.

ಈ ಸಲ ಪಟ್ಟಿಯನ್ನು ನಮ್ಮದೇ ನೆರವಿನಿಂದ ಇಂಜಿನಿಯರಿಂಗ್ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳಿಗೆ ಕೊಟ್ಟೆವು. ಆಕೆ ಬಳಸಿದ್ದು ಇಮ್ಯಾಕ್ಸ್, ಪ್ರೋಗ್ರಾಮ್ ಬರೆಯುವವರ ಎಡಿಟರ್. ರಿಚರ್ಡ್ ಸ್ಟಾಲ್ಮನ್ ಅವರ ಗ್ನೂ ಇಮ್ಯಾಕ್ಸ್ 1985ರಿಂದ ಇದೆ, ಉಚಿತ. ಎಂಟು ಮೆಗಾಬೈಟ್ ಮೆಮೊರಿ ನುಂಗುತ್ತದೆಂದು ಆಗ ಗೇಲಿ ಮಾಡುತ್ತಿದ್ದರಂತೆ! ಇಂದು ದಾನವಾಗಿ ಬಂದ ಹಳೆಯ ಲ್ಯಾಪ್‌ಟಾಪ್‌ಗೂ ಅದು ಹಗುರ. 2012ರ 24ನೇ ಆವೃತ್ತಿಯಿಂದ ಬಲದಿಂದ ಎಡಕ್ಕೆ ಬರೆಯುವ ಅರಬಿ, ಉರ್ದುವನ್ನೂ ಕನ್ನಡದ ಪಕ್ಕದಲ್ಲೇ ಸರಿಯಾಗಿ ತೋರಿಸುತ್ತದೆ.

ಅದರಲ್ಲಿ ಕೇಳಿ ಬದಲಿಸುವ ಆಜ್ಞೆಯೊಂದಿದೆ. ಪ್ರತಿ ಹೆಸರಿನ ಬಳಿ ನಿಂತು 'ಬದಲಿಸಲೇ?' ಎನ್ನುತ್ತದೆ, 'ವೈ' ಒತ್ತಿದರೆ ಬದಲಿಸುತ್ತದೆ, 'ಎನ್' ಒತ್ತಿದರೆ ಬಿಟ್ಟು ಮುಂದೆ ಹೋಗುತ್ತದೆ. ಎಫ್3 ಒತ್ತಿ, ಒಂದು ಸಾಲನ್ನು ಕೈಯಾರೆ ಸರಿಪಡಿಸಿ, ಎಫ್4 ಒತ್ತಿದರೆ ಮಾಡಿದ್ದೆಲ್ಲ ಅದಕ್ಕೆ ನೆನಪಿರುತ್ತದೆ. ಮತ್ತೆ ಎಫ್4 ಒತ್ತಿದಾಗಲೆಲ್ಲ ಅದೇ ಕೆಲಸ ತಾನೇ ಮಾಡುತ್ತದೆ. ಫೋನ್ ನಂಬರುಗಳ ನಡುವಿನ ಅಡ್ಡಗೆರೆ, ಖಾಲಿ ಜಾಗ ತೆಗೆದದ್ದು ಹೀಗೆ.

ಮುಖ್ಯ ಕೆಲಸ ಇನ್ನೊಂದು. ಇಮ್ಯಾಕ್ಸ್‌ಗೆ ನಮಗೆ ಬೇಕಾದ ಹೊಸ ಆಜ್ಞೆಯನ್ನು ಲಿಸ್ಪ್ ಭಾಷೆಯಲ್ಲಿ ನಾವೇ ಬರೆದು ಸೇರಿಸಬಹುದು. ಅರ್ಜಿಯ ಹೆಸರೂ ಪಾಸ್‌ಬುಕ್‌ನ ಹೆಸರೂ ಬೇರೆಯಾದ ಸಾಲುಗಳನ್ನಷ್ಟೇ ಎತ್ತಿ ತೋರಿಸುವ ಆಜ್ಞೆಯನ್ನು ಆಕೆ ಬರೆದಳು. ತಿದ್ದುವ ಆಜ್ಞೆಯನ್ನು ಮಾತ್ರ ಬರೆಯಲಿಲ್ಲ. "ಹೆಸರು ಅವರದ್ದು ಸರ್, ಫೋನ್ ಮಾಡಿ ಕೇಳಿ" ಎಂದಳು. ನಾವು ಫೋನ್ ಹಿಡಿದು ಕುಳಿತೆವು.

ಇದನ್ನು ಉಳಿದ ಮಕ್ಕಳಿಗೂ ಕಲಿಸಲು ಆಕೆ ಒಪ್ಪಿದ್ದಾಳೆ. ಕೀಲಿಗಳು ಬೆರಳಿಗೆ ಹತ್ತಲು ವಾರಗಳೇ ಬೇಕು. ಮೊದಲ ದಿನ ಹೊರಬರುವ ದಾರಿ ತಿಳಿಯದೆ ಒಬ್ಬ ಲ್ಯಾಪ್‌ಟಾಪನ್ನೇ ಆಫ್ ಮಾಡಿದ. ತಂತ್ರಾಂಶಕ್ಕೆ ಖರ್ಚಿಲ್ಲ, ಬೇಕಿರುವುದು ಯಂತ್ರಗಳು. ದಾನಿಗಳು ಬಳಸದೆ ಇಟ್ಟ ಲ್ಯಾಪ್‌ಟಾಪ್‌ಗಳನ್ನು ಚಾರ್ಜರ್ ಸಮೇತ ಕಚೇರಿಗೆ ತಲುಪಿಸಬೇಕೆಂದು ವಿನಂತಿ.

ಪೋಷಕರು ಈ ಬಾರಿಯ ಅರ್ಜಿಯಲ್ಲಿ ಮಗುವಿನ ಹೆಸರನ್ನು ಪಾಸ್‌ಬುಕ್‌ನಲ್ಲಿರುವಂತೆಯೇ, ಅಕ್ಷರ ಬಿಡದೆ ಬರೆದು, ಅದರ ಮೊದಲ ಪುಟದ ಜೆರಾಕ್ಸ್ ಲಗತ್ತಿಸಿರಿ. ಅಂಕಪಟ್ಟಿಯಲ್ಲಿ ಬೇರೆ ರೀತಿ ಇದ್ದರೆ ಅದನ್ನೂ ಪಕ್ಕದಲ್ಲಿ ಬರೆಯಿರಿ. ನಾವು ಕೇಳದೆ ಬದಲಿಸುವುದಿಲ್ಲ.