ಕಲ್ಲಿನಲ್ಲಿ ಉಳಿದ ದಿಕ್ಕು

1967ರಲ್ಲಿ ಕೊಯ್ನಾ, 1993ರಲ್ಲಿ ಕಿಲ್ಲಾರಿ ನಡುಗಿದ ಮೇಲೆ ದಖ್ಖನ್ನಿನ ನೆಲ ಗಟ್ಟಿ ಎಂದು ಕಣ್ಣುಮುಚ್ಚಿ ಹೇಳುವಂತಿಲ್ಲ. ಹಾಗೆಂದು ಕಂಡ ಸ್ತರಭಂಗಕ್ಕೆಲ್ಲ, ಅಂದರೆ ಬಂಡೆ ಸೀಳಿ ಜರುಗಿದ ಗೆರೆಗೆಲ್ಲ, ಹೆದರಬೇಕಾಗಿಯೂ ಇಲ್ಲ. ಅದು ಕೊನೆಯ ಸಲ ಜರುಗಿದ್ದು ಯಾವಾಗ ಎಂಬುದು ಮುಖ್ಯ. ಈ ಪ್ರಶ್ನೆಗೆ ಬಾಗಲಕೋಟೆ ಜಿಲ್ಲೆ ಹೇಳಿಮಾಡಿಸಿದ ಜಾಗ. ಮುಧೋಳ, ಬೀಳಗಿ ಸೀಮೆಯ ಕಲಾದಗಿ ಶಿಲೆಗಳು 50 ಕೋಟಿ ವರ್ಷಕ್ಕೂ ಹಳೆಯವು. ಪದರುಗಳು ಹಲವೆಡೆ ಮಡಚಿವೆ, ಓರೆಯಾಗಿವೆ, ಸೀಳಿವೆ. ಜಮಖಂಡಿ, ರಬಕವಿ-ಬನಹಟ್ಟಿ ಕಡೆ ಎರೆಮಣ್ಣಿನ ಕೆಳಗೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಆರಿದ ಲಾವಾ ಬಹುಮಟ್ಟಿಗೆ ಮಟ್ಟಸವಾಗಿ ಹರಡಿದೆ. ಕೆಳಗಿನ ಶಿಲೆಯನ್ನು ಸೀಳಿದ ಗೆರೆ ಮೇಲಿನ ಲಾವಾವನ್ನು ಸೀಳದಿದ್ದರೆ ಅದರ ಓಡಾಟ ಲಾವಾಕ್ಕೆ ಮೊದಲೇ ನಿಂತಿತೆಂದು ಅರ್ಥ. ಮೇಲೆ ಲಾವಾ ಇಲ್ಲದೆ ಸುಣ್ಣಕಲ್ಲೇ ಬಯಲಿಗೆ ಬಿದ್ದ ಲೋಕಾಪುರದಂಥ ಕಡೆ ಈ ಅಳತೆಗೋಲು ಸಿಗದು. ಅಲ್ಲಿ ಕಲ್ಲಿನ ಕಾಂತತ್ವವನ್ನು ವಿಚಾರಿಸಬೇಕು.

ಮ್ಯಾಗ್ನೆಟೈಟ್ ಖನಿಜದ ಕಣ 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿಯುವಾಗ ಆ ಹೊತ್ತಿನ ಭೂಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ. ದಖ್ಖನ್ ಲಾವಾದ ಬಹುಪಾಲಿನಲ್ಲಿ ಆ ದಿಕ್ಕು ಇಂದಿನದಕ್ಕೆ ತಿರುವುಮುರುವು: ದಕ್ಷಿಣ-ಆಗ್ನೇಯಕ್ಕೆ ಮುಖ, ಸುಮಾರು 45 ಡಿಗ್ರಿ ಇಳಿಜಾರು. ಆಗ ಈ ನೆಲ ಭೂಮಧ್ಯರೇಖೆಯಿಂದ 25–30 ಡಿಗ್ರಿ ದಕ್ಷಿಣಕ್ಕಿತ್ತು ಎಂದು ಲೆಕ್ಕ ಹಾಕುವುದು ಈ ಇಳಿಜಾರಿನಿಂದಲೇ. ಇನ್ನು ಸ್ತರಭಂಗದ ಜೊತೆ ಓರೆಯಾದ ಪದರುಗಳನ್ನು ಲೆಕ್ಕದಲ್ಲಿ ಮಟ್ಟಸ ಮಾಡಿದಾಗ ದಿಕ್ಕುಗಳು ಒಂದಾದರೆ, ಕಾಂತತ್ವ ಮೊದಲು ಬಂದದ್ದು, ನೆಲ ಓರೆಯಾದದ್ದು ಆಮೇಲೆ. ಈಗಿರುವ ಓರೆಯಲ್ಲೇ ಒಂದಾಗಿದ್ದರೆ ಕ್ರಮ ಅದಲುಬದಲು.

ಬಂಡೆ ವಾಲದೆ ನೇರವಾಗಿ ಜಾರಿದರೆ ದಿಕ್ಕು ಕದಲುವುದೇ ಇಲ್ಲವಲ್ಲ ಎಂದು ಕೇಳಬಹುದು. ಆಕ್ಷೇಪ ಸರಿಯಾದದ್ದೇ. ಆಗ ಸ್ತರಭಂಗದ ನಡುವಿನ ಪುಡಿಗಲ್ಲನ್ನು ಪರೀಕ್ಷಿಸಬೇಕು. ಜರುಗಿದಾಗ ಒಳನುಗ್ಗಿದ ಬಿಸಿನೀರು ಅಲ್ಲಿ ಕೆಂಪು ಹೆಮಟೈಟ್ ಬೆಳೆಸಿದ್ದರೆ, ಬೆಳೆಯುವ ಕಾಲದ ದಿಕ್ಕು ಅದರಲ್ಲಿ ಉಳಿದಿರುತ್ತದೆ. ಅದನ್ನು ಭಾರತ ಉತ್ತರಕ್ಕೆ ಸರಿದ ಹಾದಿಯೊಂದಿಗೆ ಹೋಲಿಸಿದರೆ ಕಾಲ ತಿಳಿಯುತ್ತದೆ. ಆದರೆ ಇದು ಗಡಿಯಾರದಷ್ಟು ನಿಖರವಲ್ಲ. ಲಾವಾ ಕಾಲದಿಂದ ಭಾರತ ಸರಾಸರಿ ಹತ್ತು ಲಕ್ಷ ವರ್ಷಕ್ಕೆ ಮುಕ್ಕಾಲು ಡಿಗ್ರಿಗಿಂತ ತುಸು ಕಡಿಮೆ ಸರಿದಿದೆ. ಅಕ್ಷಾಂಶದಲ್ಲಿ 5 ಡಿಗ್ರಿ ತಪ್ಪಿದರೆ ವಯಸ್ಸಿನಲ್ಲಿ 70 ಲಕ್ಷ ವರ್ಷ ತಪ್ಪುತ್ತದೆ. ಕೋಟಿ ವರ್ಷಗಳ ಹಿಂದೆ ಸತ್ತ ಗೆರೆಯನ್ನು ಗುರುತಿಸಲು ಅಷ್ಟು ಸಾಕು. ಸಾವಿರ ವರ್ಷದ ಹಿಂದಿನ ಕಂಪನಕ್ಕೆ ಬೇರೆ ವಿಧಾನ ಬೇಕು.

ಈ ಪರೀಕ್ಷೆಗೆ ಬೇಕಾಗುವುದು ಬೆರಳುಗಾತ್ರದ ಕಲ್ಲು. ಅದನ್ನು ಕೊರೆದು ತೆಗೆಯುವ ಮೊದಲೇ ಉತ್ತರ ದಿಕ್ಕನ್ನು ಅದರ ಮೇಲೆ ಗುರುತು ಹಾಕಬೇಕು. ಲಾವಾದ ಬಂಡೆ ದಿಕ್ಸೂಚಿಯನ್ನೇ ದಾರಿತಪ್ಪಿಸುವುದರಿಂದ ಅಲ್ಲಿ ಬಿಸಿಲಿನ ನೆರಳಿನಿಂದ ದಿಕ್ಕು ಹಿಡಿಯುತ್ತಾರೆ. ಗಣಿಯಲ್ಲಿ ಸಿಡಿಮದ್ದಿನಿಂದ ಉರುಳಿಬಿದ್ದ ಕಲ್ಲು ಈ ಕೆಲಸಕ್ಕೆ ಬಾರದು. ಆದ್ದರಿಂದ ಗಣಿ ನಡೆಸುವವರಲ್ಲಿ ಒಂದು ವಿನಂತಿ: ಗೋಡೆಯಲ್ಲಿ ಸ್ತರಭಂಗ ಕಂಡರೆ, ಅದನ್ನು ಒಡೆಯುವ ಮುಂಚೆ ಭೂವಿಜ್ಞಾನಿಗಳಿಗೆ ತಿಳಿಸಿ.