ದೈವಕ್ಕೆ ಬಿಟ್ಟುಕೊಟ್ಟ ಮನೆ



ವಿಡಿಯೋ ಆಟಗಳಲ್ಲಿ ಹೆದರಿಸುವುದಕ್ಕೆಂದೇ ಹುಟ್ಟಿದ ಒಂದು ಬಗೆ ಇದೆ. ಅವುಗಳಲ್ಲಿ ಹಲವಕ್ಕೆ ರಂಗಸ್ಥಳ ಸ್ಮಶಾನವಲ್ಲ, ಕಾಡೂ ಅಲ್ಲ; ಸಂಸಾರಸ್ಥರ ಮನೆ. ಜಪಾನಿನ ಹಿಡಿಯೊ ಕೊಜಿಮಾ 2014ರಲ್ಲಿ ಹೊರತಂದ ‘ಪಿ.ಟಿ.’ ಎಂಬ ಪುಟ್ಟ ಆಟ ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಇರುವುದು ಒಂದು ಇಕ್ಕಟ್ಟಿನ ಪಡಸಾಲೆ, ಒಂದು ತಿರುವು, ಒಂದು ಬಚ್ಚಲುಮನೆ. ಕೊನೆಯ ಬಾಗಿಲು ತೆರೆದರೆ ಮತ್ತೆ ಅದೇ ಪಡಸಾಲೆ. ಮೂಲೆಯ ರೇಡಿಯೋ ಮಾತ್ರ, ಮನೆಯ ಯಜಮಾನನೇ ಹೆಂಡತಿ ಮಕ್ಕಳನ್ನು ಕೊಂದ ಸುದ್ದಿ ಹೇಳುತ್ತದೆ. ಮರುವರ್ಷವೇ ಅದನ್ನು ಹಿಂದಕ್ಕೆ ಪಡೆದರೂ ಆಡಿದವರು ಮರೆತಿಲ್ಲ.

ಕಾರಣ ಸರಳ. ಹೊರಗೆ ಹುಲಿ ಕಂಡರೆ ಮನೆಗೆ ಓಡಿಬರಬಹುದು. ಮನೆಯೇ ಹೆದರಿಸಿದರೆ ಓಡುವುದೆಲ್ಲಿಗೆ?

ಈ ಪ್ರಶ್ನೆಗೆ ನಮ್ಮ ತುಳುನಾಡು ಬೇರೆಯೇ ಉತ್ತರ ಕಂಡುಕೊಂಡಿದೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಐತಿಹ್ಯವನ್ನೇ ನೋಡಿ. ಆಗ ಊರಿನ ಹೆಸರು ಕುಡುಮ. ಅಲ್ಲಿನ ನೆಲ್ಯಾಡಿ ಬೀಡಿನಲ್ಲಿ ಜೈನ ಮನೆತನದ ಬಿರ್ಮಣ್ಣ ಪೆರ್ಗಡೆ, ಅವರ ಪತ್ನಿ ಅಮ್ಮು ಬಲ್ಲಾಳ್ತಿ ವಾಸವಾಗಿದ್ದರು. ಒಂದು ದಿನ ಅಪರಿಚಿತ ಅತಿಥಿಗಳು ಬಂದರು. ದಂಪತಿ ಆದರದಿಂದ ಉಪಚರಿಸಿದರು. ರಾತ್ರಿ ಆ ಅತಿಥಿಗಳೇ ಕನಸಿನಲ್ಲಿ ಕಾಣಿಸಿಕೊಂಡು, ತಾವು ಧರ್ಮದೈವಗಳೆಂದೂ ಈ ಮನೆ ತಮಗೆ ಬೇಕೆಂದೂ ಹೇಳಿದರು.

ಅಪರಿಚಿತರು, ರಾತ್ರಿ, ಕನಸು, ‘ಮನೆ ಬಿಡು’ ಎಂಬ ಮಾತು. ಭಯಾನಕ ಕಥೆಗೆ ಬೇಕಾದ ಸಾಮಗ್ರಿಯೆಲ್ಲ ಇಲ್ಲಿದೆ. ಆದರೆ ಕಿರುಚಾಟವಿಲ್ಲ. ಪೆರ್ಗಡೆ ಬೇರೆ ಮನೆ ಕಟ್ಟಿಕೊಂಡರು, ಬೀಡನ್ನು ದೈವಗಳಿಗೆ ಬಿಟ್ಟುಕೊಟ್ಟರು. ಮುಂದೆ ಕಾಳರಾಹು, ಕಾಳರ್ಕಾಯಿ, ಕುಮಾರಸ್ವಾಮಿ, ಕನ್ಯಾಕುಮಾರಿ ಈ ನಾಲ್ಕು ದೈವಗಳಿಗೆ ಗುಡಿಗಳಾದವು. ಕದ್ರಿಯಿಂದ ಮಂಜುನಾಥನ ಲಿಂಗ ಬಂದದ್ದು ಆಮೇಲೆ ಎನ್ನುತ್ತದೆ ಐತಿಹ್ಯ.

ಇದು ಒಂದು ಬೀಡಿನ ಕಥೆ ಮಾತ್ರವಲ್ಲ. ಕರಾವಳಿಯ ಹಳೆಯ ಗುತ್ತಿನ ಮನೆಗಳನ್ನು ಹೊಕ್ಕು ನೋಡಿ. ಚಾವಡಿಯ ಬದಿಯಲ್ಲಿ ದೈವದ ಕೋಣೆ, ಅದರೊಳಗೆ ಯಾರೂ ಕೂರದ ಉಯ್ಯಾಲೆ ಮಂಚ, ಮೊಗ, ಕತ್ತಿ, ಗಂಟೆ. ಕತ್ತಲಲ್ಲಿ ಇಣುಕಿದ ಮಗು ಬೆಚ್ಚುವುದು ಸಹಜ. ಆದರೆ ಆ ಭಯಕ್ಕೊಂದು ವಿಳಾಸವಿದೆ. ಇಂಥ ಕೋಣೆ, ಇಂಥ ದಿನ ದೀಪ, ಇಂಥ ದಿನ ತಂಬಿಲ, ವರ್ಷಕ್ಕೊಮ್ಮೆ ಕೋಲ ಅಥವಾ ನೇಮ. ಕುಟುಂಬದಲ್ಲಿ ತೀರಿಹೋದವರು ತುಳುವರಿಗೆ ‘ಕುಲೆ’ಗಳು, ಆಟಿ ತಿಂಗಳಲ್ಲಿ ಅವರಿಗೂ ಎಲೆ ಹಾಕಿ ಬಡಿಸುವುದುಂಟು. ಆಟದ ಮನೆಯಲ್ಲಿ ಭೂತವನ್ನು ಗೆಲ್ಲಬೇಕು ಇಲ್ಲವೇ ತಪ್ಪಿಸಿಕೊಳ್ಳಬೇಕು. ಇಲ್ಲಿ ಅದರೊಡನೆ ಒಪ್ಪಂದ ಮಾಡಿಕೊಂಡು ಬಾಳಬೇಕು. ಅದನ್ನೇ ನಮ್ಮ ಹಿರಿಯರು ‘ಕಟ್ಟುಕಟ್ಟಳೆ’ ಎಂದರು.

ಹಾಗೆಂದು ಈ ಮನೆಯಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದು ಬೀಗುವಂತಿಲ್ಲ. ದೈವ ಕಟ್ಟುವವರು ಪಂಬದ, ಪರವ, ನಲಿಕೆ ಸಮುದಾಯದವರು. ಕೋಲದ ರಾತ್ರಿ ಅವರ ಬಾಯಿಂದ ಬಂದ ನುಡಿಗೆ ಗುತ್ತಿನ ಯಜಮಾನನೂ ಕೈಮುಗಿದು ನಿಲ್ಲುತ್ತಾನೆ. ಬೆಳಗಾಗಿ ಬಣ್ಣ ತೊಳೆದ ಮೇಲೆ ಅದೇ ಮನುಷ್ಯನಿಗೆ ಆ ಚಾವಡಿಯ ಮೆಟ್ಟಿಲು ಹತ್ತುವ ಹಕ್ಕು ಬಹುಕಾಲ ಇರಲಿಲ್ಲ. ದೈವಕ್ಕೆ ಒಳಗೆ ಮಂಚ, ದೈವ ಕಟ್ಟಿದವನಿಗೆ ಅಂಗಳ. ನಿಜವಾಗಿ ಬೆಚ್ಚಬೇಕಾದದ್ದು ಇದಕ್ಕಲ್ಲವೇ?

1974ರ ಭೂಸುಧಾರಣೆಯ ನಂತರ ಅನೇಕ ಗುತ್ತುಗಳ ಗೇಣಿ ನಿಂತಿತು. ಮಕ್ಕಳು ಮುಂಬಯಿ, ಕೊಲ್ಲಿ ದೇಶಗಳಿಗೆ ಹೋದರು. ಎಷ್ಟೋ ಮನೆಗಳಿಗೆ ಈಗ ಬೀಗ. ಆದರೂ ನೇಮದ ದಿನ ಬಂದಾಗ ದೂರದ ಊರಿನಿಂದ ಜನ ಬಂದು ಬಾಗಿಲು ತೆರೆಯುತ್ತಾರೆ, ಕಸ ಗುಡಿಸುತ್ತಾರೆ, ಮುನಿಸಿಕೊಂಡ ದಾಯಾದಿಗಳೂ ಒಂದೇ ಚಾವಡಿಯಲ್ಲಿ ಕೂರುತ್ತಾರೆ.

ಹೆದರಿಸುವ ಮನೆಯ ಆಟವನ್ನು ನಾಳೆ ನಮ್ಮ ಹುಡುಗ ಹುಡುಗಿಯರೇ ಮಾಡಬಹುದು. ಮೊಗದ ಕೋರೆಹಲ್ಲನ್ನಷ್ಟೇ ತೋರಿಸಿದರೆ ಅದು ಅರ್ಧ ಕಥೆ. ಆ ಕೋಣೆಗೆ ದೀಪ ಇಡಬೇಕಾದವರು ಯಾರು, ಅಂಗಳದಲ್ಲೇ ಉಳಿದವರು ಯಾರು ಎಂದೂ ಅವರು ಕೇಳಲಿ.