ಬೀಜ, ಮಣ್ಣು ಮತ್ತು ಒಬ್ಬ ಪಶುವೈದ್ಯ

ಕ್ಯಾನ್ಸರ್ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತವರನ್ನು ನೋಡಿದ್ದೀರಾ? ಗಡ್ಡೆ ಅಂದರೆ ಅವರು ಹೇಗೋ ಧೈರ್ಯ ತಂದುಕೊಳ್ಳುತ್ತಾರೆ, ಕೊಯ್ದು ತೆಗೆಯಬಹುದಲ್ಲ ಅಂತ. ಎದೆ ಧಸಕ್ಕೆನ್ನುವುದು ಡಾಕ್ಟರು ‘ಹಬ್ಬಿದೆ’ ಅಂದಾಗ. ಆ ಹಬ್ಬುವಿಕೆಗೆ ವೈದ್ಯರು ಮೆಟಾಸ್ಟಾಸಿಸ್ ಎನ್ನುತ್ತಾರೆ. ಅದರ ಜಾಡು ಹಿಡಿದು ಸುಮಾರು ಅರ್ಧ ಶತಮಾನ ದುಡಿದ ಐಸಾಯಾ ಫಿಡ್ಲರ್ ಮೂಲತಃ ಪಶುವೈದ್ಯರು.

1936ರಲ್ಲಿ ಜೆರುಸಲೇಮಿನಲ್ಲಿ ಹುಟ್ಟಿದ ಫಿಡ್ಲರ್ ಅಮೆರಿಕದ ಒಕ್ಲಹೋಮಾದಲ್ಲಿ ಪಶುವೈದ್ಯಕೀಯ ಓದಿದರು. ಪ್ರಾಣಿಗಳ ಗಡ್ಡೆ ಕೊಯ್ಯುವ ಕೆಲಸದಲ್ಲೇ ಅವರಿಗೆ ಪ್ರಶ್ನೆ ಹುಟ್ಟಿತು. ಕೊಯ್ದು ತೆಗೆದ ಗಡ್ಡೆಯಲ್ಲ, ಅದಾಗಲೇ ಬೇರೆಡೆ ಹೋಗಿ ಕೂತದ್ದು ಜೀವ ತೆಗೆಯುತ್ತದೆ. ಅದು ಹೋಗುವುದು ಹೇಗೆ?

ಈ ಪ್ರಶ್ನೆ ಹಳೆಯದು. 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಹೆಂಗಸರ ಶವಪರೀಕ್ಷೆಯ ದಾಖಲೆ ಹರಡಿಕೊಂಡು ಕೂತರು. 241 ಮಂದಿಗೆ ಯಕೃತ್ತಿನಲ್ಲಿ ಗಡ್ಡೆ. ಗುಲ್ಮದಲ್ಲಿ ಬರೀ 17 ಮಂದಿಗೆ. ಅಲ್ಲಿಗೂ ರಕ್ತ ಧಾರಾಳವಾಗಿ ಹರಿಯುತ್ತದೆಯಲ್ಲ! ಪ್ಯಾಜೆಟ್ ಕೊಟ್ಟ ಉತ್ತರ ನಮ್ಮ ಯಾವ ರೈತನಿಗೂ ಬಿಡಿಸಿ ಹೇಳಬೇಕಿಲ್ಲ: ಬೀಜ ಎಲ್ಲ ಕಡೆಗೂ ತೂರಿ ಹೋಗುತ್ತದೆ, ಮೊಳೆಯುವುದು ಒಗ್ಗುವ ಮಣ್ಣಿನಲ್ಲಿ. ಆಮೇಲೆ ಬಂದ ರೋಗಶಾಸ್ತ್ರಜ್ಞ ಜೇಮ್ಸ್ ಯೂಯಿಂಗ್, ರಕ್ತ ಹರಿಯುವ ದಾರಿಯೇ ಎಲ್ಲವನ್ನೂ ತೀರ್ಮಾನಿಸುತ್ತದೆ ಅಂದರು. ಪ್ಯಾಜೆಟ್ ಮಾತು ದಶಕಗಳ ಕಾಲ ಮೂಲೆಗೆ ಬಿತ್ತು.

ಫಿಡ್ಲರ್ 1970ರಲ್ಲಿ ವಿಕಿರಣದ ಗುರುತು ಹಾಕಿದ ಕ್ಯಾನ್ಸರ್ ಕೋಶಗಳನ್ನು ಇಲಿಯ ರಕ್ತನಾಳಕ್ಕೆ ಬಿಟ್ಟು ಎಣಿಸಿದರು. ಒಂದು ದಿನ ಕಳೆಯುವಷ್ಟರಲ್ಲಿ ಸಾವಿರಕ್ಕೆ ಒಂದೂ ಉಳಿದಿರಲಿಲ್ಲ. ಉಳಿದವು ಅದೃಷ್ಟದಿಂದ ಉಳಿದವೋ, ಕಸುವಿನಿಂದಲೋ?

ಇದನ್ನು ತಿಳಿಯಲು ಅವರು ಮಾಡಿದ ಪ್ರಯೋಗ ಎಷ್ಟು ಸರಳ ನೋಡಿ. ಮೆಲನೋಮಾ ಅಂದರೆ ಒಂದು ಬಗೆಯ ಚರ್ಮದ ಕ್ಯಾನ್ಸರ್; ಬಿ16 ಎಂಬ ಮೆಲನೋಮಾದ ಕೋಶಗಳು ಕಪ್ಪು. ಇಲಿಯ ಬಾಲದ ನಾಳಕ್ಕೆ ಚುಚ್ಚಿ ಕೆಲವು ವಾರ ಬಿಟ್ಟರೆ, ನಸುಗೆಂಪು ಶ್ವಾಸಕೋಶದ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕಿಗಳು; ಬರಿಗಣ್ಣಿನಿಂದ ಎಣಿಸಬಹುದು. ಆ ಚುಕ್ಕಿಗಳನ್ನು ಕಿತ್ತು, ಗಾಜಿನ ತಟ್ಟೆಯಲ್ಲಿ ಬೆಳೆಸಿ, ಹೊಸ ಇಲಿಗೆ ಚುಚ್ಚಿದರು. ಹೀಗೆ ಹತ್ತು ಸುತ್ತು. ಹತ್ತನೆಯ ಸಲದ ಕೋಶಗಳು ಮೊದಲಿನವುಗಳಿಗಿಂತ ಬಹಳ ಹೆಚ್ಚು ಗಡ್ಡೆ ಕಟ್ಟಿದವು. ರೈತ ಗಟ್ಟಿ ತೆನೆ ಆರಿಸಿ ಬಿತ್ತನೆಗೆ ಎತ್ತಿಡುತ್ತಾನಲ್ಲ, ಅದೇ ಕ್ರಮ. 1977ರಲ್ಲಿ ಮಾರ್ಗರೆಟ್ ಕ್ರಿಪ್ಕೆ ಜೊತೆಗೂಡಿ, ಹಬ್ಬಬಲ್ಲ ಕೋಶಗಳು ಮೂಲ ಗಡ್ಡೆಯಲ್ಲೇ ಮೊದಲಿನಿಂದ ಬೆರೆತಿರುತ್ತವೆ ಎಂದು ತೋರಿಸಿದರು. ಅಂದರೆ ಒಂದೇ ಗಡ್ಡೆಯೊಳಗೆ ಗಟ್ಟಿಯೂ ಇದೆ, ಜೊಳ್ಳೂ ಇದೆ.

ಇನ್ನು ಮಣ್ಣಿನ ಪರೀಕ್ಷೆ. 1980ರಲ್ಲಿ ಇಯಾನ್ ಹಾರ್ಟ್ ಮತ್ತು ಫಿಡ್ಲರ್ ಇಲಿಯ ತೊಡೆಯ ಸ್ನಾಯುವಿನಲ್ಲಿ ಶ್ವಾಸಕೋಶ, ಅಂಡಾಶಯ, ಮೂತ್ರಪಿಂಡದ ಚೂರುಗಳನ್ನು ನಾಟಿ ಹಾಕಿದರು. ರಕ್ತಕ್ಕೆ ಬಿಟ್ಟ ಮೆಲನೋಮಾ ಕೋಶಗಳು ಶ್ವಾಸಕೋಶದ ಚೂರಿನಲ್ಲಿ ಬೆಳೆದವು, ಅಂಡಾಶಯದ ಚೂರಿನಲ್ಲೂ ಬೆಳೆದವು, ಮೂತ್ರಪಿಂಡದ್ದರಲ್ಲಿ ಇಲ್ಲ. ಸುಮಾರು 90 ವರ್ಷದ ಮೇಲೆ ಪ್ಯಾಜೆಟ್ ಮಾತಿಗೆ ಪ್ರಾಣ ಬಂತು. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಪ್ರಿಯವಾದ ಪ್ರಯೋಗ ಇದು.

1983ರಲ್ಲಿ ಫಿಡ್ಲರ್ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರಕ್ಕೆ ಬಂದರು. ಅಲ್ಲಿ ಇದೇ ಮಣ್ಣು ಇನ್ನೊಂದು ಗುಟ್ಟು ಬಿಟ್ಟುಕೊಟ್ಟಿತು. ಔಷಧಿ ನಾಟದಿರುವುದಕ್ಕೆ ಕೋಶದ ಸ್ವಭಾವ ಮಾತ್ರ ಕಾರಣವಲ್ಲ, ಅದು ಬೇರೂರಿದ ಜಾಗವೂ ಕಾರಣ. ಮಿದುಳಿನಲ್ಲಿ ಆಸ್ಟ್ರೋಸೈಟ್ ಎಂಬ ನಕ್ಷತ್ರದಾಕಾರದ ಕೋಶಗಳಿವೆ. ನರಕೋಶಗಳನ್ನು ಸಾಕಿ ಸಲಹುವುದು ಅವುಗಳ ಕೆಲಸ. ಕ್ಯಾನ್ಸರ್ ಕೋಶ ಬಂದು ಅವುಗಳಿಗೆ ಅಂಟಿಕೊಂಡರೆ ಅದಕ್ಕೂ ಅದೇ ಆರೈಕೆ! ಕೀಮೋ ಔಷಧಿ ಸುರಿದರೂ ಸಾಯದು. ಅವೇ ಕೋಶಗಳನ್ನು ಆಸ್ಟ್ರೋಸೈಟ್‌ಗಳಿಂದ ಬಿಡಿಸಿ ಬೇರೆ ಬಗೆಯ ಕೋಶಗಳ ಜೊತೆ ಬೆಳೆಸಿದಾಗ ಆ ರಕ್ಷಣೆ ಕಳಚಿತು.

ಹಾಗಾದರೆ ಆ ನಂಟನ್ನೇ ಕಡಿಯಬಹುದಲ್ಲ? ಎಪ್ಪತ್ತು ದಾಟಿದ ಮೇಲೂ ಅವರು ಅದರ ಹಿಂದೆ ಬಿದ್ದರು. ಶ್ವಾಸಕೋಶದ ರಕ್ತದೊತ್ತಡಕ್ಕೆ ಕೊಡುವ ಮ್ಯಾಸಿಟೆಂಟಾನ್ ಎಂಬ ಮಾತ್ರೆಯನ್ನು ಕೀಮೋ ಜೊತೆ ಸೇರಿಸಿ ಇಲಿಗಳಿಗೆ ಕೊಟ್ಟಾಗ, ಮಿದುಳಿಗೆ ಹಬ್ಬಿದ ಗಡ್ಡೆಗಳಿಗೂ ಮದ್ದು ನಾಟಿತು. 2020ರಲ್ಲಿ ಫಿಡ್ಲರ್ ತೀರಿಕೊಂಡರು. ಬಿ16-ಎಫ್10 ಎಂಬ ಹೆಸರಿನಲ್ಲಿ, ಅವರು ಹತ್ತು ಸುತ್ತು ಆರಿಸಿ ತೆಗೆದ ಆ ಕಪ್ಪು ಕೋಶಗಳು ಇವತ್ತಿಗೂ ಪ್ರಯೋಗಾಲಯಗಳ ಗಾಜಿನ ತಟ್ಟೆಗಳಲ್ಲಿ ಬೆಳೆಯುತ್ತಿವೆ.